ಸವಿತಾ ಸಾವು, ಐರ್ಲೆಂಡಿನ ಕಾನೂನು, ಹೆಣ್ಣುಮಕ್ಕಳ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಗರ್ಭಪಾತದ ಕಾನೂನಿನ ಮಾತು ಬಂದರೆ ನಮ್ಮ ಕಡೆ ಒಂದು ಹೆಸರು ಬಂದೇ ಬರುತ್ತದೆ. ಸವಿತಾ ಹಾಲಪ್ಪನವರ. ಬೆಳಗಾವಿಯ ಮಗಳು, ಐರ್ಲೆಂಡಿನಲ್ಲಿ ತೀರಿಕೊಂಡವರು. ಹೆಸರು ಎಲ್ಲರಿಗೂ ಗೊತ್ತು, ಕಥೆ ಮಾತ್ರ ಅರ್ಧಂಬರ್ಧ. "ಅಲ್ಲಿ ತೆಗೆಯಲ್ಲ ಅಂದ್ರಂತೆ, ಪಾಪ ಹೋಗಿಬಿಟ್ರಂತೆ" ಅನ್ನುವಷ್ಟಕ್ಕೆ ಮಾತು ಮುಗಿಯುತ್ತದೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚಾಗಿ ಕೇಳುವಂಥವನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಆ ವಾರ ನಿಜಕ್ಕೂ ಏನಾಯಿತು?

ಸವಿತಾ ಹಲ್ಲಿನ ಡಾಕ್ಟರು. ವಯಸ್ಸು 31. ಗಂಡ ಪ್ರವೀಣ್ ಎಂಜಿನಿಯರ್. ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇಯಲ್ಲಿ ಮನೆ ಮಾಡಿದ್ದರು. ಮೊದಲ ಬಸಿರು, 17 ವಾರ. ಮಗಳ ಜೊತೆ ನಾಲ್ಕು ದಿನ ಇರೋಣ ಅಂತ ಅಪ್ಪ ಅಮ್ಮ ಬೆಳಗಾವಿಯಿಂದ ಹೋಗಿದ್ದರು.

2012ರ ಅಕ್ಟೋಬರ್ 21, ಭಾನುವಾರ. ಬೆನ್ನುನೋವು ಅಂತ ಸವಿತಾ ಆಸ್ಪತ್ರೆಗೆ ಹೋದರು. ನೋಡಿ ಮನೆಗೆ ಕಳಿಸಿದರು. ಮಧ್ಯಾಹ್ನ ಮತ್ತೆ ಹೋದರು. ಬಸಿರು ನಿಲ್ಲುವುದಿಲ್ಲ ಅನ್ನುವುದು ಆಗಲೇ ಗೊತ್ತಾಯಿತು. ಅವತ್ತು ತೆಗೆದ ರಕ್ತದಲ್ಲಿ ಬಿಳಿ ರಕ್ತಕಣದ ಲೆಕ್ಕ 16.9 ಬಂತು. ಹೆಚ್ಚೇ ಇತ್ತು, ಅಂದರೆ ಸೋಂಕಿನ ಸುಳಿವು. ಆ ರಿಪೋರ್ಟನ್ನು ಯಾರೂ ತಿರುಗಿ ನೋಡಲಿಲ್ಲ. ಅದೇ ರಾತ್ರಿ, 12 ಗಂಟೆ ಕಳೆದ ಮೇಲೆ, ನೀರು ಒಡೆಯಿತು.

ನೀರು ಒಡೆದ ಮೇಲೆ ಗರ್ಭಕೋಶದ ಬಾಗಿಲು ತೆರೆದಂತೆ. ಸೋಂಕು ಒಳಗೆ ಹೋಗಲು ದಾರಿ ಸಿಕ್ಕಿತು. 17 ವಾರದ ಕೂಸು ಹೊರಗೆ ಬದುಕುವ ಮಾತೇ ಇಲ್ಲ. "ಹೇಗೂ ಉಳಿಯಲ್ಲ ಅಂತೀರಿ, ಹಾಗಾದರೆ ಮುಗಿಸಿಕೊಡಿ" ಅಂತ ಗಂಡ ಹೆಂಡತಿ ಕೇಳಿದರು. ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಅಂತ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಅನ್ನುವ ಅರ್ಥದ ಮಾತು ತಾನು ಆಡಿದ್ದು ಹೌದು ಅಂತ ಒಬ್ಬ ಹಿರಿಯ ನರ್ಸ್ ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸಲು ಹೇಳಿದ್ದಲ್ಲ, ಇಲ್ಲಿನ ರೀತಿ ತಿಳಿಸಲು ಹೇಳಿದ್ದು ಅಂದರು.

ಬುಧವಾರ ಬೆಳಗಿನ ಜಾವ ನಾಲ್ಕೂ ಕಾಲಿಗೆ ಸವಿತಾ ಚಳಿ ಅಂತ ನಡುಗುತ್ತಿದ್ದರು. ಕಂಬಳಿ ಹೊದಿಸಿ, ಪ್ಯಾರಸಿಟಮಾಲ್ ಕೊಟ್ಟರು. ಆರೂವರೆಗೆ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ 160. ಆ ಎರಡು ಗಂಟೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೋಂಕು ರಕ್ತಕ್ಕೆ ಏರಿ ಬಿಪಿ ಕುಸಿದಿತ್ತು. ಕೂಸು ತಾನಾಗಿಯೇ ಹೊರಬಂತು. ಸವಿತಾ ಐಸಿಯುಗೆ ಹೋದರು. ಅಕ್ಟೋಬರ್ 28ರ ಭಾನುವಾರ, ನಡುರಾತ್ರಿ ಒಂದು ಗಂಟೆ ದಾಟಿದ ಮೇಲೆ, ತೀರಿಕೊಂಡರು.

ಗರ್ಭಪಾತ ಆಗೋದೇ ಬೇರೆ, ಮಾಡಿಸೋದೇ ಬೇರೆ. ಸವಿತಾ ಅವರದು ಯಾವುದು?

ಇಡೀ ಜಗಳದ ಗಂಟು ಇರುವುದೇ ಇಲ್ಲಿ. ನಮ್ಮಲ್ಲಿ ಎರಡಕ್ಕೂ ಒಂದೇ ಪದ. "ಅವಳಿಗೆ ಅಬಾರ್ಷನ್ ಆಯ್ತು" ಅಂದರೆ ಮರುಕ. "ಅಬಾರ್ಷನ್ ಮಾಡಿಸ್ಕೊಂಡ್ಳು" ಅಂದರೆ ಹುಬ್ಬು ಮೇಲೆ. ಆಗುವುದಕ್ಕೂ ಮಾಡಿಸುವುದಕ್ಕೂ ನಡುವೆ ಒಂದು ಗೋಡೆ ಇದೆ ಅಂತ ನಾವು ಅಂದುಕೊಂಡಿರುತ್ತೇವೆ.

ಹೆರಿಗೆ ವಾರ್ಡಿನಲ್ಲಿ ಆ ಗೋಡೆ ಇರುವುದಿಲ್ಲ. ಸವಿತಾ ಅವರಿಗೆ ಗರ್ಭಪಾತ ಆಗುತ್ತಿತ್ತು. ತಾನಾಗಿಯೇ, ನಿಧಾನವಾಗಿ, ದಿನಗಟ್ಟಲೆ. ಅದು ನಿಧಾನವಾದಷ್ಟೂ ಸೋಂಕಿಗೆ ಹೊತ್ತು ಸಿಗುತ್ತದೆ. ಇಂಥ ಹೊತ್ತಿನಲ್ಲಿ ಡಾಕ್ಟರು ಮಾತ್ರೆ ಕೊಟ್ಟೋ ಇನ್ನೊಂದು ರೀತಿಯಲ್ಲೋ ಅದನ್ನು ಬೇಗ ಮುಗಿಸಬಹುದು. ಮುಗಿಸಿದರೆ ಕಾನೂನಿನ ಕಣ್ಣಿಗೆ ಅದು "ಮಾಡಿಸಿದ್ದು". ಕೈಕಟ್ಟಿ ಕೂತರೆ "ಆಗಿದ್ದು". ಐರ್ಲೆಂಡಿನ ಡಾಕ್ಟರ ಮುಂದೆ ಇದ್ದ ಆಯ್ಕೆ ಅದು.

ಯುರೋಪಿನ ದೇಶದಲ್ಲಿ ಅಷ್ಟು ಬಿಗಿ ಕಾನೂನು ಹೇಗೆ ಬಂತು?

ಮೂಲ ಬ್ರಿಟಿಷರದು. 1861ರ ಕಾಯ್ದೆಯಲ್ಲಿ ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆ ಇತ್ತು. ಐರ್ಲೆಂಡ್ ಸ್ವತಂತ್ರವಾದ ಮೇಲೂ ಅದನ್ನೇ ಇಟ್ಟುಕೊಂಡಿತು. ಚರ್ಚಿನ ಹಿಡಿತವೂ ಜೋರಾಗಿತ್ತು. ಎಷ್ಟು ಜೋರು ಅಂದರೆ, 1971ರ ಮೇ ತಿಂಗಳಲ್ಲಿ ಡಬ್ಲಿನ್‌ನ ಹೆಂಗಸರ ಗುಂಪೊಂದು ರೈಲು ಹತ್ತಿ, ಬ್ರಿಟನ್ನಿಗೆ ಸೇರಿದ ಬೆಲ್ಫಾಸ್ಟ್‌ಗೆ ಹೋಗಿ ಗರ್ಭನಿರೋಧಕಗಳನ್ನು ಕೊಂಡು ತಂದು, ಬೇಕಂತಲೇ ಕಸ್ಟಮ್ಸ್ ಮುಂದೆ ಹಿಡಿದು ತೋರಿಸಿತು. ತಮ್ಮ ಊರಲ್ಲಿ ಅವನ್ನು ಮಾರುವುದೇ ಅಪರಾಧವಾಗಿತ್ತು. ಅದೇ 1971ರ ಆಗಸ್ಟ್‌ನಲ್ಲಿ ನಮ್ಮ ದೇಶ ಗರ್ಭಪಾತಕ್ಕೆ ಕಾನೂನು ಮಾಡಿ ಮುಗಿಸಿತ್ತು. ಹಿಂದುಳಿದವರು ಯಾರು ಅಂತ ಕೇಳಿದರೆ ಉತ್ತರ ಯಾವಾಗಲೂ ನಾವು ಅಂದುಕೊಂಡಂತೆ ಇರುವುದಿಲ್ಲ.

1983ರಲ್ಲಿ ಐರ್ಲೆಂಡ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊಟ್ಟೆಯೊಳಗಿನ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಅಂತ ಸಂವಿಧಾನದಲ್ಲೇ ಬರೆಯಿತು. ಇದು ಎಂಟನೇ ತಿದ್ದುಪಡಿ. ಜನಮತದಲ್ಲಿ 66.9% ಜನ ಹೌದು ಅಂದರು.

1992ರಲ್ಲಿ 14 ವರ್ಷದ ಹುಡುಗಿಯೊಬ್ಬಳ ಕೇಸು ಬಂತು. ಅತ್ಯಾಚಾರದಿಂದ ಬಸಿರಾದವಳು, ಸಾಯುತ್ತೇನೆ ಅನ್ನುತ್ತಿದ್ದಳು. ಇಂಗ್ಲೆಂಡಿಗೆ ಹೋಗದಂತೆ ಅವಳನ್ನು ತಡೆಯಲು ಸರ್ಕಾರವೇ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟ್ ಅವಳ ಪರ ನಿಂತಿತು. ತಾಯಿಯ ಜೀವಕ್ಕೆ ನಿಜವಾದ, ದೊಡ್ಡ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಅಂದಿತು. "ಜೀವಕ್ಕೆ" ಅಂದಿತು, "ಆರೋಗ್ಯಕ್ಕೆ" ಅನ್ನಲಿಲ್ಲ. ಹಾಗಂದರೆ ಎಷ್ಟು ಅಪಾಯ, ಯಾವ ಹೊತ್ತಿಗೆ, ಯಾರು ತೀರ್ಮಾನ ಮಾಡಬೇಕು? ಅದನ್ನು ಕಾನೂನು ಮಾಡಿ ಹೇಳುವುದಕ್ಕೆ ಸಂಸತ್ತು 2013ರವರೆಗೂ ಕೈ ಹಾಕಲಿಲ್ಲ. ಸವಿತಾ ಆಸ್ಪತ್ರೆಗೆ ಹೋದಾಗ ಆ ತೀರ್ಪಿಗೆ 20 ವರ್ಷ ವಯಸ್ಸಾಗಿತ್ತು.

ಅದು ಆಸ್ಪತ್ರೆಯ ಅಲಕ್ಷ್ಯ, ಕಾನೂನಿನ ತಪ್ಪಲ್ಲ ಅಂತಾರಲ್ಲ?

ಅಲಕ್ಷ್ಯ ಇತ್ತು. ಸುಮ್ನೆ ಹೇಳೋ ಮಾತಲ್ಲ, ಸರ್ಕಾರಿ ವರದಿಯಲ್ಲೇ ಇದೆ. ಆರೋಗ್ಯ ಸೇವೆಯ ಗುಣಮಟ್ಟ ನೋಡುವ ಅಲ್ಲಿನ ಪ್ರಾಧಿಕಾರ 2013ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿ, ಸವಿತಾ ಅವರನ್ನು ಉಳಿಸಿಕೊಳ್ಳಲು ಸಿಕ್ಕಿ ಕೈತಪ್ಪಿದ 13 ಅವಕಾಶಗಳನ್ನು ಪಟ್ಟಿ ಮಾಡಿತು. ನೀರು ಒಡೆದವರ ಜ್ವರ, ನಾಡಿ, ಬಿಪಿಯನ್ನು ಹೊತ್ತು ಹೊತ್ತಿಗೆ ನೋಡಿ ಬರೆದಿಡಬೇಕಿತ್ತು. ಅದು ಸರಿಯಾಗಿ ನಡೆಯಲಿಲ್ಲ.

ಆದರೆ ಅಷ್ಟಕ್ಕೇ ನಿಂತರೆ ಅರ್ಧ ಸತ್ಯ. ಅದೇ ವರ್ಷ ಜೂನ್‌ನಲ್ಲಿ ಬಂದ ಇನ್ನೊಂದು ವರದಿಯನ್ನು ಮಾಡಿದ್ದು ಲಂಡನ್ನಿನ ಹೆರಿಗೆ ತಜ್ಞ ಸಬಾರತ್ನಂ ಅರುಳ್‌ಕುಮಾರನ್ ಅವರ ತಂಡ. ಕೂಸಿನ ಎದೆಬಡಿತ ನಿಲ್ಲಲಿ ಅಂತ ಕಾಯುವುದರ ಮೇಲೆಯೇ ಎಲ್ಲರ ಗಮನ ಇತ್ತು, ತಾಯಿಗೆ ಸೋಂಕು ಏರುವ ಅಪಾಯದ ಕಡೆ ಕಡಿಮೆ ಇತ್ತು ಅಂತ ಅದು ಹೇಳಿತು. ಕಾನೂನನ್ನು ಅಲ್ಲಿನವರು ಅರ್ಥಮಾಡಿಕೊಂಡ ರೀತಿಯೂ ಒಂದು ಮುಖ್ಯ ಕಾರಣ ಅಂದಿತು. ಮರಣ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ತಜ್ಞ ಪೀಟರ್ ಬಾಯ್ಲನ್ ಇನ್ನೂ ನೇರವಾಗಿ ಮಾತಾಡಿದರು. ಸೋಮವಾರ ಅಥವಾ ಮಂಗಳವಾರ ಗರ್ಭಪಾತ ಮಾಡಿದ್ದರೆ ಸವಿತಾ ಬಹುಮಟ್ಟಿಗೆ ಬದುಕುತ್ತಿದ್ದರು. ಆದರೆ ಆ ಎರಡು ದಿನ ಅವರ ಜೀವಕ್ಕೆ ಅಪಾಯ ಕಾಣುತ್ತಿರಲಿಲ್ಲ, ಹಾಗಾಗಿ ಕಾನೂನು ಬಿಡುತ್ತಿರಲಿಲ್ಲ. ಬುಧವಾರ ಕಾನೂನು ಬಿಡುವ ಹೊತ್ತಿಗೆ ಕಾಲ ಮೀರಿತ್ತು.

ಇದನ್ನು ಎರಡು ಸಲ ಓದಿ. ಉಳಿಸಬಹುದಾದ ದಿನ ಕಾನೂನಿಗೆ ವಿರುದ್ಧ, ಕಾನೂನು ಒಪ್ಪುವ ದಿನ ಉಳಿಸುವ ಹಾಗಿಲ್ಲ. ಅಲಕ್ಷ್ಯ ಬೇರೆ, ಕಾನೂನು ಬೇರೆ ಅಂತ ವಾದ ಮಾಡುವವರು ಒಂದನ್ನು ಮರೆಯುತ್ತಾರೆ. ಎದೆಬಡಿತ ನಿಲ್ಲುವವರೆಗೆ ಮಾಡುವುದಕ್ಕೆ ಏನೂ ಇಲ್ಲ ಅಂದುಕೊಂಡ ವಾರ್ಡಿನಲ್ಲಿ ತಾಯಿಯ ನಾಡಿ ನೋಡುವ ಕೈಯೂ ಸಡಿಲವಾಗುತ್ತದೆ.

ಐರ್ಲೆಂಡಿನಲ್ಲಿ ತಾಯಂದಿರ ಸಾವು ಮೊದಲಿಂದಲೂ ಕಡಿಮೆ. ನಿಷೇಧದಿಂದ ಆರೋಗ್ಯ ಕೆಡುತ್ತದೆ ಅನ್ನೋದು ಹೇಗೆ?

ಒಳ್ಳೆಯ ಪ್ರಶ್ನೆ. ನಿಷೇಧದ ಪರ ಇದ್ದವರ ಬಲವಾದ ವಾದವೂ ಇದೇ. 2012ರ ಸೆಪ್ಟೆಂಬರ್‌ನಲ್ಲಿ, ಅಂದರೆ ಸವಿತಾ ಸಾಯುವ ತಿಂಗಳಿಗೆ ಮುಂಚೆ, ಡಬ್ಲಿನ್‌ನಲ್ಲಿ ಸೇರಿದ ಕೆಲವು ಡಾಕ್ಟರುಗಳು ಒಂದು ಘೋಷಣೆ ಹೊರಡಿಸಿದ್ದರು. ತಾಯಿಯ ಜೀವ ಉಳಿಸಲು ಗರ್ಭಪಾತ ಬೇಕಾಗುವುದೇ ಇಲ್ಲ ಅಂತ.

ಸಾವು ಕಡಿಮೆ ಇದ್ದದ್ದು ನಿಜ. ಕಾರಣ ಪಕ್ಕದಲ್ಲಿ ಇಂಗ್ಲೆಂಡ್ ಇತ್ತು. 1980ರಿಂದ 2018ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರು ಐರ್ಲೆಂಡಿನ ವಿಳಾಸ ಕೊಟ್ಟು ಅಲ್ಲಿ ಗರ್ಭಪಾತ ಮಾಡಿಸಿಕೊಂಡರು. 2001 ಒಂದರಲ್ಲೇ 6,673 ಮಂದಿ. ಬೆಳಗಿನ ವಿಮಾನಕ್ಕೆ ಹೋಗಿ, ರಾತ್ರಿ ವಿಮಾನಕ್ಕೆ ರಕ್ತಸ್ರಾವದ ನಡುವೆಯೇ ವಾಪಸ್ಸು. ನಂತರ ಜ್ವರ ಬಂದರೆ ಊರಿನ ಡಾಕ್ಟರ ಹತ್ತಿರ ಹೇಳಲು ಭಯ. ಇದೆಲ್ಲ ಸಾವಿನ ಲೆಕ್ಕದಲ್ಲಿ ಬರುವುದಿಲ್ಲ, ಆದರೆ ಇದೂ ಆರೋಗ್ಯವೇ ಅಲ್ವಾ?

ಟಿಕೆಟ್‌ಗೆ ದುಡ್ಡಿದ್ದವರು ಹೋದರು. ದುಡ್ಡಿಲ್ಲದವರು, ಆಶ್ರಯ ಕೇಳಿ ಬಂದವರು, ಇಂಗ್ಲೆಂಡಿಗೆ ಹೋಗಲು ಬೇರೆ ವೀಸಾ ಬೇಕಾದ ವಲಸಿಗರು ಅಲ್ಲೇ ಉಳಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ನೀರು ಒಡೆದು ಮಲಗಿದವರು ಯಾವ ವಿಮಾನ ಹತ್ತುತ್ತಾರೆ?

ಹಾಗಾದರೆ ಗರ್ಭಪಾತ ಬೇಡ ಅನ್ನುವವರೆಲ್ಲ ಹೆಣ್ಣಿನ ವಿರೋಧಿಗಳಾ?

ಖಂಡಿತ ಅಲ್ಲ. ಹೊಟ್ಟೆಯೊಳಗಿನದೂ ಜೀವ, ಅದಕ್ಕೆ ಬಾಯಿಲ್ಲ, ಅದರ ಪರ ಯಾರಾದರೂ ಮಾತಾಡಬೇಕು ಅನ್ನುವುದು ಅನೇಕರ ಪ್ರಾಮಾಣಿಕ ನಂಬಿಕೆ. ಅವರಲ್ಲಿ ಹೆಂಗಸರೂ ಬಹಳ ಇದ್ದಾರೆ. ಆ ನಂಬಿಕೆಯ ಜೊತೆ ನನಗೆ ಜಗಳವಿಲ್ಲ. ಅದನ್ನು ಪೊಲೀಸ್ ಕಾನೂನು ಮಾಡಿ ಹೆರಿಗೆ ಕೋಣೆಗೆ ತಂದಾಗ ಏನಾಗುತ್ತದೆ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ಸವಿತಾ ವಿಷಯದಲ್ಲಿ ಆ ಕಾನೂನು ಕೂಸನ್ನೂ ಉಳಿಸಲಿಲ್ಲ.

ಎಂಟನೇ ತಿದ್ದುಪಡಿಯನ್ನು ತೆಗೆದ 2018ರ ಜನಮತ ಸವಿತಾ ಒಬ್ಬರಿಂದಲೇ ಬಂತಾ?

ಒಬ್ಬರಿಂದ ಅಲ್ಲ. ಎಂಟನೇ ತಿದ್ದುಪಡಿಯ ವಿರುದ್ಧ ಹೋರಾಟ 1983ರಿಂದಲೂ ಇತ್ತು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟ್ ಐರ್ಲೆಂಡಿಗೆ ಛೀಮಾರಿ ಹಾಕಿತ್ತು. 2014ರ ಡಿಸೆಂಬರ್‌ನಲ್ಲಿ ಮೆದುಳು ಸತ್ತುಹೋಗಿದ್ದ ಬಸುರಿಯೊಬ್ಬರನ್ನು, ಕಾನೂನು ಏನನ್ನುತ್ತದೋ ಅನ್ನುವ ಹೆದರಿಕೆಗೆ, ವಾರಗಟ್ಟಲೆ ಯಂತ್ರದ ಮೇಲೆ ಇಟ್ಟಿದ್ದರು. ಆಕೆಯ ತಂದೆ ಹೈಕೋರ್ಟಿಗೆ ಹೋಗಿ ಯಂತ್ರ ನಿಲ್ಲಿಸಬೇಕಾಯಿತು. ಇಂಥವೆಲ್ಲ ಒಂದರ ಮೇಲೊಂದು ಸೇರಿದವು.

ಆದರೆ ಜನರನ್ನು ಬೀದಿಗೆ ತಂದ ಮುಖ ಸವಿತಾ ಅವರದು. 2018ರ ಮೇ 25ರಂದು ಮತದಾನ. ಬೇರೆ ದೇಶಗಳಲ್ಲಿದ್ದ ಐರಿಷ್ ಯುವಕ ಯುವತಿಯರು ಓಟು ಹಾಕಲು ವಿಮಾನ, ಹಡಗು ಹಿಡಿದು ಊರಿಗೆ ಬಂದರು. ಒಂದು ಕಾಲಕ್ಕೆ ಹೆಂಗಸರು ಗುಟ್ಟಾಗಿ ಹೊರಗೆ ಹೋಗುತ್ತಿದ್ದ ದಾರಿ ಅದು. ಫಲಿತಾಂಶ: ತಿದ್ದುಪಡಿ ತೆಗೆಯಿರಿ ಅಂದವರು 66.4%. ಇಟ್ಟುಕೊಳ್ಳೋಣ ಅಂದ ಒಂದೇ ಕ್ಷೇತ್ರ ಡೊನೆಗಾಲ್. 35 ವರ್ಷದ ಹಿಂದೆ ಬೇಕು ಅಂದಷ್ಟೇ ಜನ ಈ ಸಲ ಬೇಡ ಅಂದರು, ಹೆಚ್ಚು ಕಡಿಮೆ.

ಡಬ್ಲಿನ್‌ನ ಒಂದು ಬೀದಿಯ ಗೋಡೆ ಮೇಲೆ ಆ ವಾರ ಸವಿತಾ ಅವರ ದೊಡ್ಡ ಚಿತ್ರ ಬರೆದಿದ್ದರು. ಹಣೆಯ ಮೇಲೆ ಬಿಂದಿ, ನಗುಮುಖ. ಓಟು ಹಾಕಿ ಬಂದವರು ಅಲ್ಲಿ ಹೂವು ಇಟ್ಟರು, ಬಣ್ಣ ಬಣ್ಣದ ಅಂಟು ಚೀಟಿಗಳಲ್ಲಿ ಕ್ಷಮೆ ಕೇಳಿ ಗೋಡೆ ತುಂಬ ಅಂಟಿಸಿದರು. ಆ ಚೀಟಿಗಳನ್ನು ಡಬ್ಲಿನ್ ನಗರದ ಗ್ರಂಥಾಲಯ ಜೋಪಾನವಾಗಿ ತೆಗೆದಿಟ್ಟಿದೆ. ಹೊಸ ಕಾನೂನಿಗೆ ಮಗಳ ಹೆಸರಿಡಿ ಅಂತ ತಂದೆ ಬೆಳಗಾವಿಯಿಂದ ಕೇಳಿಕೊಂಡರು. ಅದು ಮಾತ್ರ ಆಗಲಿಲ್ಲ.

ಈಗ ಅಲ್ಲಿ ನಿಯಮ ಏನು? ಎಲ್ಲ ಸರಿಹೋಯ್ತಾ?

2019ರ ಜನವರಿ 1ರಿಂದ 12 ವಾರದವರೆಗೆ ಕಾರಣ ಹೇಳದೆ ಮಾಡಿಸಿಕೊಳ್ಳಬಹುದು. ಡಾಕ್ಟರನ್ನು ಕಂಡ ಮೇಲೆ ಮೂರು ದಿನ ಕಾಯಬೇಕು. 12 ವಾರ ದಾಟಿದರೆ, ತಾಯಿಯ ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿ ಇರಬೇಕು, ಇಲ್ಲವೇ ಕೂಸು ಹುಟ್ಟುವ ಮೊದಲೋ ಹುಟ್ಟಿದ 28 ದಿನದೊಳಗೋ ಉಳಿಯದಂಥ ತೊಂದರೆ ಇರಬೇಕು. "ಆರೋಗ್ಯ" ಅನ್ನುವ ಪದ ಕೊನೆಗೂ ಕಾನೂನಿನ ಒಳಗೆ ಬಂತು.

ಎಲ್ಲ ಸರಿಹೋಗಿಲ್ಲ. 2023ರಲ್ಲಿ ಮಾಡಿದ ಪರಿಶೀಲನೆಯಲ್ಲಿ 19 ಹೆರಿಗೆ ಆಸ್ಪತ್ರೆಗಳ ಪೈಕಿ 11ರಲ್ಲಿ ಮಾತ್ರ ಪೂರ್ತಿ ಸೇವೆ ಸಿಗುತ್ತಿತ್ತು. ಕಾನೂನಿನ ಗೆರೆ ದಾಟಿದ ಡಾಕ್ಟರಿಗೆ 14 ವರ್ಷದವರೆಗೆ ಜೈಲು ಅನ್ನುವುದು ಹೊಸ ಕಾಯ್ದೆಯಲ್ಲೂ ಇದೆ. ಆ ಹೆದರಿಕೆ ಇರುವವರೆಗೆ ಡಾಕ್ಟರು ರೋಗಿಯ ಜೊತೆಗೆ ವಕೀಲರನ್ನೂ ನೆನೆಯುತ್ತಲೇ ಇರುತ್ತಾರೆ.

ಕಾನೂನು ಸಡಿಲ ಮಾಡಿದರೆ ಗರ್ಭಪಾತ ಜಾಸ್ತಿ ಆಗಲ್ವಾ?

ದಾಖಲೆಯಲ್ಲಿ ಜಾಸ್ತಿ ಆಗುತ್ತದೆ. ಐರ್ಲೆಂಡಿನಲ್ಲಿ 2019ರಲ್ಲಿ 6,666, 2023ರಲ್ಲಿ 10,033. ಇದನ್ನು ಮುಚ್ಚಿಡುವುದಕ್ಕೇನೂ ಇಲ್ಲ. ಆದರೆ ಹಳೆಯ ಲೆಕ್ಕದಲ್ಲಿ ಇಂಗ್ಲೆಂಡಿಗೆ ಹೋಗಿ ಬೇರೆ ವಿಳಾಸ ಕೊಟ್ಟವರಿಲ್ಲ, ಅಂಚೆಯಲ್ಲಿ ಗುಟ್ಟಾಗಿ ಮಾತ್ರೆ ತರಿಸಿ ನುಂಗಿದವರೂ ಇಲ್ಲ. ಜಗತ್ತನ್ನು ಒಟ್ಟಾಗಿ ನೋಡಿದರೆ, ನಿಷೇಧ ಇರುವ ದೇಶಗಳಲ್ಲಿ ಗರ್ಭಪಾತ ಕಡಿಮೆಯೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 7.3 ಕೋಟಿ ಗರ್ಭಪಾತ ನಡೆಯುತ್ತವೆ, ಅದರಲ್ಲಿ 45% ಅಸುರಕ್ಷಿತ. ಕಾನೂನು ಬದಲಾದಾಗ ಮುಖ್ಯವಾಗಿ ಬದಲಾಗುವುದು ಆ 45%.

ಬೇರೆ ದೇಶಗಳಲ್ಲಿ ಇದು ಕಣ್ಣಿಗೆ ಕಂಡಿದೆಯಾ?

ರೊಮೇನಿಯಾದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ. 1966ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕು ಸರ್ಕಾರ ಜನಸಂಖ್ಯೆ ಹೆಚ್ಚಬೇಕು ಅಂತ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಗರ್ಭನಿರೋಧಕಗಳೂ ಸಿಗುತ್ತಿರಲಿಲ್ಲ. ಒಂದೆರಡು ವರ್ಷ ಹೆರಿಗೆ ಹೆಚ್ಚಿದವು, ಆಮೇಲೆ ಇಳಿದವು. ಏರುತ್ತಲೇ ಹೋದದ್ದು ತಾಯಂದಿರ ಸಾವು. 1989ರಲ್ಲಿ ಲಕ್ಷ ಹೆರಿಗೆಗೆ ಸುಮಾರು 170 ತಾಯಂದಿರು ಸಾಯುತ್ತಿದ್ದರು, ಯುರೋಪಿನಲ್ಲೇ ಅತಿ ಹೆಚ್ಚು. ಬಹುಪಾಲು ಸಾವಿಗೆ ಕದ್ದುಮುಚ್ಚಿ ಮಾಡಿದ ಗರ್ಭಪಾತವೇ ಕಾರಣ. ಡಿಸೆಂಬರ್‌ನಲ್ಲಿ ಸರ್ಕಾರ ಬಿತ್ತು, ಕಾನೂನೂ ಹೋಯಿತು. 1990ರಲ್ಲಿ ಆ ಸಂಖ್ಯೆ ಅರ್ಧಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಹೊಸ ಆಸ್ಪತ್ರೆ ಕಟ್ಟಿರಲಿಲ್ಲ, ಹೊಸ ಔಷಧಿ ಕಂಡುಹಿಡಿದಿರಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಕಾನೂನು ಸಡಿಲವಾದದ್ದು 1997ರಲ್ಲಿ. ಗರ್ಭಪಾತದಿಂದ ಆಗುವ ಸಾವು ಕೆಲವೇ ವರ್ಷಗಳಲ್ಲಿ 91% ಕಡಿಮೆಯಾಯಿತು.

ಪೋಲೆಂಡ್ ಉಲ್ಟಾ ದಾರಿ ಹಿಡಿಯಿತು. 2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಮಂಡಳಿ, ಕೂಸಿಗೆ ದೊಡ್ಡ ದೋಷ ಇದ್ದರೆ ಮಾಡಿಸಬಹುದು ಅಂತ ಇದ್ದ ಅವಕಾಶವನ್ನೂ ಕಿತ್ತುಕೊಂಡಿತು. 2021ರ ಸೆಪ್ಟೆಂಬರ್‌ನಲ್ಲಿ 30 ವರ್ಷದ ಒಬ್ಬ ತಾಯಿ, 22 ವಾರದ ಬಸುರಿ, ನೀರು ಹೋಗಿ ಆಸ್ಪತ್ರೆ ಸೇರಿದರು. ಕೂಸಿನ ಎದೆಬಡಿತ ನಿಲ್ಲಲಿ ಅಂತ ಡಾಕ್ಟರು ಕಾದರು. ಸೋಂಕು ಏರಿ ಆ ತಾಯಿ ತೀರಿಕೊಂಡರು. ಊರಿನ ಹೆಸರು ಬದಲಿಸಿದರೆ ಗಾಲ್ವೇಯ ಕಥೆಯೇ.

ಗರ್ಭಪಾತ ಮಾಡಿಸಿದರೆ ಮುಂದೆ ಮಕ್ಕಳಾಗಲ್ಲ, ಸ್ತನ ಕ್ಯಾನ್ಸರ್ ಬರುತ್ತೆ, ತಲೆ ಕೆಡುತ್ತೆ ಅಂತಾರಲ್ಲ?

ಕ್ಯಾನ್ಸರ್ ಮಾತು ಸುಳ್ಳು. 16 ದೇಶಗಳ 53 ಅಧ್ಯಯನಗಳನ್ನು, 83,000 ಸ್ತನ ಕ್ಯಾನ್ಸರ್ ರೋಗಿಗಳ ವಿವರವನ್ನು ಒಟ್ಟುಗೂಡಿಸಿ 2004ರಲ್ಲಿ ನೋಡಿದ್ದಾರೆ. ಸಂಬಂಧ ಸಿಗಲಿಲ್ಲ.

ಮಕ್ಕಳಾಗದ ಭಯಕ್ಕೆ ಒಂದು ಕಾಲದಲ್ಲಿ ಕಾರಣ ಇತ್ತು. ಕಡ್ಡಿ, ಬೇರು, ಕೊಳಕು ಕೈ, ಕೊಳಕು ಉಪಕರಣ. ಅದರಿಂದ ಸೋಂಕಾಗಿ ಅಂಡನಾಳ ಮುಚ್ಚಿಕೊಂಡವರು ಎಷ್ಟೋ ಜನ. ತಿಳಿದವರ ಕೈಯಲ್ಲಿ, ಸರಿಯಾದ ಹೊತ್ತಿನಲ್ಲಿ ಮಾಡಿದರೆ ಮುಂದಿನ ಬಸಿರಿಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಅಜ್ಜಿ ಹೇಳಿದ ಮಾತು ಅವರ ಕಾಲಕ್ಕೆ ನಿಜ.

ಮನಸ್ಸಿನ ವಿಷಯ ಸ್ವಲ್ಪ ಸೂಕ್ಷ್ಮ. ದುಃಖ ಆಗಬಹುದು, ನಿರಾಳವೂ ಆಗಬಹುದು, ಎರಡೂ ಒಟ್ಟಿಗೆ ಆಗಬಹುದು. ಅಮೆರಿಕದಲ್ಲಿ ಸುಮಾರು 1,000 ಹೆಂಗಸರನ್ನು ಐದು ವರ್ಷ ಮಾತಾಡಿಸುತ್ತಾ ಹೋದ ಅಧ್ಯಯನವೊಂದಿದೆ. ಗರ್ಭಪಾತ ಸಿಕ್ಕವರಿಗಿಂತ, ಕೇಳಿಯೂ ಸಿಗದೆ ವಾಪಸ್ಸಾದವರಲ್ಲೇ ಮೊದಮೊದಲು ಆತಂಕ ಹೆಚ್ಚಿತ್ತು.

ಸವಿತಾ ಆ ವಾರ ಬೆಳಗಾವಿಯಲ್ಲೇ ಇದ್ದಿದ್ದರೆ?

ಕಾನೂನು ಅಡ್ಡ ಬರುತ್ತಿರಲಿಲ್ಲ. ನಮ್ಮ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ತಾಯಿಯ ದೇಹಕ್ಕೆ ಅಥವಾ ಮನಸ್ಸಿಗೆ ಗಂಭೀರ ಪೆಟ್ಟು ಆಗುವಂತಿದ್ದರೂ ಸಾಕು. ಜೀವ ಹೋಗುವ ಹಂತಕ್ಕೆ ಬರಲಿ ಅಂತ ಕಾಯಬೇಕಿಲ್ಲ. 2012ರಲ್ಲಿ 12ರಿಂದ 20 ವಾರಕ್ಕೆ ಇಬ್ಬರು ಡಾಕ್ಟರ ಅಭಿಪ್ರಾಯ ಬೇಕಿತ್ತು. 17 ವಾರಕ್ಕೆ ಎರಡು ಸಹಿ, ಅಷ್ಟೇ.

ಇಲ್ಲೊಂದು ಅಡ್ಡಮಾತು. ಬಸಿರು ಇಳಿಸಲು ಬಳಸುವ ಮಾತ್ರೆಗಳಲ್ಲಿ ಒಂದು ಮಿಸೊಪ್ರೊಸ್ಟಾಲ್. ಇದೇ ಮಾತ್ರೆ ಹೆರಿಗೆಯಾದ ಮೇಲಿನ ರಕ್ತಸ್ರಾವವನ್ನೂ ತಡೆಯುತ್ತದೆ. ಹಳ್ಳಿಯ ಹೆರಿಗೆಗಳಲ್ಲಿ ಅದು ಕೆಲಸ ಮಾಡುತ್ತದೆ ಅಂತ ಜಗತ್ತಿಗೆ ತೋರಿಸಿದ ದೊಡ್ಡ ಪ್ರಯೋಗ ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ. 1,620 ತಾಯಂದಿರು, ಮಾತ್ರೆ ಕೊಟ್ಟವರು ಹಳ್ಳಿಯ ನರ್ಸಮ್ಮಂದಿರು. ಹೆಚ್ಚು ರಕ್ತ ಹೋಗುವುದು 12%ರಿಂದ 6.4%ಕ್ಕೆ ಇಳಿಯಿತು. 2006ರಲ್ಲಿ ಇದು ಪ್ರಕಟವಾಯಿತು. ಒಂದೇ ಮಾತ್ರೆ, ಒಂದು ಕಡೆ ತಾಯಿಯನ್ನು ಉಳಿಸುವ ಔಷಧಿ, ಇನ್ನೊಂದು ಕಡೆ ಅಪರಾಧದ ವಸ್ತು.

ಈಗ ನಮ್ಮಲ್ಲಿ ನಿಯಮ ಏನು? ಗಂಡನ ಸಹಿ ಬೇಕಾ?

ಬೇಡ. 18 ತುಂಬಿದ ಹೆಣ್ಣಿನ ಒಪ್ಪಿಗೆ ಸಾಕು. 18ರ ಒಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ಗಂಡನನ್ನು ಕರೆದುಕೊಂಡು ಬನ್ನಿ ಅನ್ನುವ ಆಸ್ಪತ್ರೆಗಳು ಬೇಕಾದಷ್ಟಿವೆ, ಕಾನೂನು ಹಾಗೆ ಹೇಳುವುದಿಲ್ಲ.

2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರದು, ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನ ಆದವರು, ಹೀಗೆ ಕೆಲವರಿಗೆ. ಮದುವೆ ಆಗದವರನ್ನೂ ಇದರಿಂದ ಹೊರಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. 24 ವಾರ ದಾಟಿದ ಮೇಲೆ ಕೂಸಿಗೆ ದೊಡ್ಡ ದೋಷ ಇದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ನಿಮ್ಮ ಹೆಸರು ಹೊರಗೆ ಬಿಡುವಂತಿಲ್ಲ.

ಅಂದಹಾಗೆ, ಇದು ಇನ್ನೂ ಪೂರ್ತಿ ಹಕ್ಕಲ್ಲ. ಗರ್ಭಪಾತ ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಇವತ್ತಿಗೂ ಅಪರಾಧವೇ. 1971ರ ಕಾಯ್ದೆ ಡಾಕ್ಟರಿಗೆ ಅದರಿಂದ ರಕ್ಷಣೆ ಕೊಡುತ್ತದೆ, ಅಷ್ಟು. ತೀರ್ಮಾನದ ಪೆನ್ನು ಡಾಕ್ಟರ ಕೈಯಲ್ಲೇ ಇದೆ.

ಕಾನೂನು ಇದ್ದೂ ಜನ ಮೆಡಿಕಲ್ ಶಾಪಿನ ಮಾತ್ರೆಗೆ ಯಾಕೆ ಹೋಗ್ತಾರೆ?

ನಾಚಿಕೆ, ದೂರ, ಖರ್ಚು, ಬೈಗುಳ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತ ನಡೆದವು ಅಂತ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ 73% ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಮಾತ್ರೆ ಸರಿಯಾಗಿ ತಗೊಂಡರೆ ಅಪಾಯ ಕಡಿಮೆ. ಆದರೆ ಎಷ್ಟು ವಾರ, ಬಸಿರು ಗರ್ಭಕೋಶದೊಳಗೇ ಇದೆಯಾ ಅನ್ನುವುದನ್ನು ಅಂಗಡಿಯವರು ನೋಡಲಾರರು. ಬಸಿರು ನಾಳದಲ್ಲಿ ಕೂತಿದ್ದರೆ ಈ ಮಾತ್ರೆಯಿಂದ ಇಳಿಯುವುದಿಲ್ಲ, ನಾಳ ಒಡೆದು ಜೀವಕ್ಕೇ ಬರುತ್ತದೆ.

ಇನ್ನೊಂದು ಗೊಂದಲ ಹೆಣ್ಣುಭ್ರೂಣ ಹತ್ಯೆಯದು. 2023ರಲ್ಲಿ ಬೆಂಗಳೂರು ಪೊಲೀಸರು ಬೆನ್ನುಹತ್ತಿದ ಜಾಲವೊಂದು ಮಂಡ್ಯದ ಹತ್ತಿರ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಹೇಳುತ್ತಿತ್ತು. ಬೆಲ್ಲ ಬೇಯುವ ಜಾಗದಲ್ಲಿ ಈ ದಂಧೆ. ಲಿಂಗ ಪತ್ತೆಗೆ 1994ರ ಬೇರೆಯೇ ಕಾಯ್ದೆ ಇದೆ, ಅದು ಅಪರಾಧ. ಆದರೆ ಇಂಥ ಸುದ್ದಿ ಬಂದಾಗಲೆಲ್ಲ "ಗರ್ಭಪಾತವೇ ಕಾನೂನುಬಾಹಿರ" ಅಂತ ಜನ ತಿಳಿದುಕೊಳ್ಳುತ್ತಾರೆ. ಡಾಕ್ಟರುಗಳೂ ರಗಳೆ ಬೇಡ ಅಂತ ಹಿಂದೆ ಸರಿಯುತ್ತಾರೆ. ಆಗ ಹೆಣ್ಣುಮಗಳು ಮತ್ತೆ ಕತ್ತಲ ದಾರಿಗೇ ಹೋಗುತ್ತಾಳೆ.

ತಾನಾಗಿ ಆಗಲಿ, ಮಾಡಿಸಿದ್ದಾಗಲಿ, ಯಾವಾಗ ಆಸ್ಪತ್ರೆಗೆ ಓಡಬೇಕು?

ದೊಡ್ಡ ಪ್ಯಾಡು ಗಂಟೆಗೆ ಎರಡರಂತೆ ಎರಡು ಗಂಟೆ ಸತತವಾಗಿ ನೆನೆದರೆ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಲೆಕ್ಕದ 100.4, ದಾಟಿದರೆ. ಕೆಟ್ಟ ವಾಸನೆಯ ಸ್ರಾವ ಇದ್ದರೆ. ತಲೆಸುತ್ತು, ಒಂದೇ ಕಡೆ ತಡೆಯಲಾರದ ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು ಬಂದರೆ. ನೀರು ಒಡೆದಿದ್ದರಂತೂ ಯಾವ ತಿಂಗಳಾದರೂ ಸರಿ, ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಾತ್ರೆ ನುಂಗಿದ್ದರೆ ಡಾಕ್ಟರಿಗೆ ಹೇಳಿಬಿಡಿ. ಯಾವ ಮಾತ್ರೆ, ಎಷ್ಟು, ಯಾವಾಗ ಅನ್ನುವುದು ಚಿಕಿತ್ಸೆಗೆ ಬೇಕು.

ಚಳಿ ಬಂದು ಹಲ್ಲು ಕಟಕಟ ಅಂದರೆ ಹೊದ್ದು ಮಲಗುವುದಲ್ಲ. ಆಸ್ಪತ್ರೆಯೊಳಗೇ ಇದ್ದರೂ ನರ್ಸಮ್ಮನನ್ನು ಕರೆದು, "ಜ್ವರ ನೋಡಿ, ನಾಡಿ ಹಿಡಿದು ನೋಡಿ, ರಕ್ತದ ರಿಪೋರ್ಟ್ ಬಂತಾ?" ಅಂತ ಕೇಳಿ. ಅವರು ಕಂಬಳಿ ಕೊಟ್ಟು ಹೋದರೆ ಇನ್ನೊಂದು ಸಲ ಕೇಳಿ.